ಗೋಡೆಯ ಮೇಲಿನ ಮಾತು: ಪೋಸ್ಟರ್ ವಿನ್ಯಾಸಕಿ ಜಲಜ ಕುಂದರ್

ಕರಾವಳಿಯ ಸಿನಿಮಾಗಳ ಕುರಿತು ಬರೆಯುವವರು ನಟರನ್ನು ನೆನೆಯುತ್ತಾರೆ, ನಿರ್ದೇಶಕರನ್ನು ಕೊಂಡಾಡುತ್ತಾರೆ. ಬಸ್ ನಿಲ್ದಾಣದ ಗೋಡೆಯಿಂದ ಚಿತ್ರಮಂದಿರದ ಬಾಗಿಲಿನವರೆಗೆ ಪ್ರೇಕ್ಷಕರನ್ನು ಕರೆತಂದ ಪೋಸ್ಟರು ಯಾರ ಕೈಯದೆಂದು ಕೇಳಿದವರು ವಿರಳ. ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಮಟ್ಟಿಗೆ ಆ ಕೈ ಬಹುಪಾಲು ಶ್ರೀಮತಿ ಜಲಜ ಕುಂದರ್ ಅವರದು. ಕುಂದಾಪುರದ ಮುದ್ರಣಾಲಯವೊಂದರಲ್ಲಿ ಮೂವತ್ತನಾಲ್ಕು ವರ್ಷ ದುಡಿದು ಈ ಮಾರ್ಚ್‌ನಲ್ಲಿ ನಿವೃತ್ತರಾದ ಅವರನ್ನು ಅಭಿನಂದಿಸುವ ಈ ಸಂಪುಟದಲ್ಲಿ, ಅವರೇ ಹಲವು ಬಾರಿ ಹೇಳಿಕೊಂಡ ಒಂದು ಸೋಲಿನ ಕಥೆಯನ್ನು ದಾಖಲಿಸುವುದು ಉಚಿತವೆನಿಸುತ್ತದೆ.

ಜಲಜ ಹುಟ್ಟಿದ್ದು ಹಂಗಾರಕಟ್ಟೆಯಲ್ಲಿ. ಅವರ ತಂದೆ ದೋಣಿಗಳಿಗೆ ಬಣ್ಣ ಬಳಿದು ಹೆಸರು ಬರೆಯುತ್ತಿದ್ದವರು. ದೋಣಿ ದೂರವಿದ್ದಾಗಲೇ ಮನೆಯವರಿಗೆ ಗುರುತು ಸಿಗುವಂತೆ, ದಪ್ಪ ಅಕ್ಷರಕ್ಕೆ ಬದಿಯಲ್ಲಿ ನೆರಳು ಕೊಡುವುದನ್ನು ಮಗಳು ಅವರಿಂದಲೇ ಕಲಿತರು. ಮುದ್ರಣಾಲಯ ಸೇರಿದ ಮೇಲೆ, ಊರಿಗೆ ಹೋಗುವಾಗ ಬಸ್ಸು ಬದಲಿಸುತ್ತಿದ್ದ ಬ್ರಹ್ಮಾವರದ ಬಸ್ ನಿಲ್ದಾಣ ಅವರ ಎರಡನೆಯ ಪಾಠಶಾಲೆಯಾಯಿತು. ಯಾವ ಪೋಸ್ಟರಿನ ಮುಂದೆ ಯಾರು ನಿಲ್ಲುತ್ತಾರೆಂದು ನೋಡುತ್ತ, ಎಷ್ಟೋ ಸಂಜೆ ಅವರು ಮನೆಯ ಬಸ್ಸನ್ನು ತಪ್ಪಿಸಿಕೊಂಡದ್ದುಂಟು. ಓರೆಯಾಗಿ ನುಗ್ಗುವ ಕೆಂಪು ಅಕ್ಷರ ಕಂಡರೆ ಕಾಲೇಜು ಹುಡುಗರಿಗೆ ಹೊಡೆದಾಟದ ಚಿತ್ರವೆಂದು ಹೇಳಿಕೊಡಬೇಕಾಗಿಲ್ಲ. ಹಳದಿ ಹಿನ್ನೆಲೆಯಲ್ಲಿ ಕಣ್ಣು ಮೇಲೆ ಮಾಡಿದ ಮುಖಗಳಿದ್ದರೆ ಅದು ನಗೆಯ ಚಿತ್ರ, ಮಕ್ಕಳನ್ನೂ ಕರೆದೊಯ್ಯಬಹುದು. ಖಾಲಿ ಜಾಗ ಹೆಚ್ಚಿದ್ದು ಅಕ್ಷರ ಸಣ್ಣದಾಗಿದ್ದರೆ ಮೀನು ಮಾರುವ ಹೆಂಗಸರು ‘ಇದು ಓದಿದವರಿಗೆ’ ಎಂದುಕೊಂಡು ಮುಂದೆ ಹೋಗುತ್ತಾರೆ. ಚಿತ್ರದ ಹೆಸರನ್ನು ಓದುವ ಮೊದಲೇ ಜನ ತಮಗೋ ಪರರಿಗೋ ಎಂದು ತೀರ್ಮಾನಿಸಿಬಿಟ್ಟಿರುತ್ತಾರೆಂಬುದು ಅವರ ಅನುಭವದ ಮಾತು.

ಇಷ್ಟೆಲ್ಲ ಬಲ್ಲ ಅವರೇ ನಾಲ್ಕು ವರ್ಷಗಳ ಹಿಂದೆ ಎಡವಿದರು. ಬೈಂದೂರಿನ ಸುಶಾಂತ್ ಎಂಬ ತರುಣ ‘ಸೀತುವಿನ ಬುಟ್ಟಿ’ ಎಂಬ ತಮ್ಮ ಮೊದಲ ಚಿತ್ರವನ್ನು ಮಾಡಿದ್ದರು. ಕಡಲಿಗೆ ಹೋದ ಗಂಡ ಹಿಂದಿರುಗದೆ ಹೋದಾಗ ಮೀನಿನ ಬುಟ್ಟಿ ಹೊತ್ತು ಬದುಕು ಕಟ್ಟಿಕೊಳ್ಳುವ ಹೆಂಗಸಿನ ಕಥೆ ಅದು. ಹಂಚಿಕೆದಾರರಿಗೆ ಮಾತ್ರ ನಗೆಯ ಪೋಸ್ಟರೇ ಬೇಕಿತ್ತು. ಎರಡೇ ದೃಶ್ಯಗಳಲ್ಲಿ ಬರುವ ಹಾಸ್ಯನಟನ ಫೋಟೊಗಳನ್ನು ಅವರು ಕಳಿಸಿದರು. ಹೊಸಬರಾದ ಸುಶಾಂತ್ ಎದುರಾಡಲಿಲ್ಲ. ಮದುವೆ ಕಾಗದಗಳನ್ನು ಅಚ್ಚಿಗೆ ಸಿದ್ಧಪಡಿಸುವ ಗಡಿಬಿಡಿಯಲ್ಲಿದ್ದ ಜಲಜ ಚಿತ್ರವನ್ನು ನೋಡದೆಯೇ ಹಳದಿ ಪೋಸ್ಟರನ್ನು ಮಾಡಿಕೊಟ್ಟರು. ಅದು ಬಹಳ ಚೆನ್ನಾಗಿ ಬಂದಿತ್ತು. ಕೇಡಾದದ್ದೂ ಅದರಿಂದಲೇ.

ಶುಕ್ರವಾರ ಕುಂದಾಪುರದ ಚಿತ್ರಮಂದಿರ ತುಂಬಿತು. ಸೀತು ದಡದಲ್ಲಿ ನಿಂತು ಗಂಡನ ದೋಣಿಗಾಗಿ ಕಾಯುವ ದೃಶ್ಯಕ್ಕೆ, ನಗಲು ಬಂದವರು ಸಿಳ್ಳೆ ಹೊಡೆದರು. ಮಧ್ಯಂತರಕ್ಕೆ ಅರ್ಧ ಜನ ಎದ್ದುಹೋದರು. ಸೋಮವಾರ ಚಿತ್ರ ತೆಗೆಯುವುದಾಗಿ ವ್ಯವಸ್ಥಾಪಕರು ತಿಳಿಸಿದರು. ಮರುದಿನ ಬೆಳಿಗ್ಗೆ ಅಲ್ಲಿಯ ಮೀನು ಮಾರುಕಟ್ಟೆಯಲ್ಲಿ, ಜಲಜ ಅವರಿಗೆ ದಿನವೂ ಮೀನು ಕೊಡುವ ಸರಸ ಬುಟ್ಟಿ ಮುಚ್ಚಿಟ್ಟೇ ಮಾತಿಗಿಳಿದರು.

“ಹ್ವಾಯ್ ಜಲಜಕ್ಕ, ಎಂತ ಇದ್? ನೆಗಾಡುಕೆ ಅಂದೇಳಿ ಮಕ್ಳನ್ ಕರ್ಕಂಡ್ ಹೋರೆ ಮರ್ಕ್ಸಿ, ಕಣ್ಣೀರ್ ಹಾಕ್ಸಿ ಕಳ್ಸಿದ್ರಲೆ! ಮೊದ್ಲೇ ಹೇಳಿರೆ ಮಕ್ಳನ್ ಮನೆಗ್ ಬಿಟ್ಟ್, ನಮ್ ಮಾರ್ಕೆಟಿನ್ ಹೆಂಗ್ಸ್ರನ್ನೇ ಕರ್ಕಂಡ್ ಹೋತಿದ್ದೆ.”

ಜಲಜ ಮೀನು ಕೊಳ್ಳದೆ ನೇರ ಚಿತ್ರಮಂದಿರಕ್ಕೆ ನಡೆದರು. ಬೆಳಗಿನ ಆಟಕ್ಕೆ ಹನ್ನೊಂದು ಜನರಿದ್ದರು. ಚಿತ್ರ ಮುಗಿದಾಗ ಅವರ ಸೆರಗು ಒದ್ದೆಯಾಗಿತ್ತು. ಹೊರಗೆ ಮೆಟ್ಟಿಲ ಮೇಲೆ ಸುಶಾಂತ್ ತಲೆ ತಗ್ಗಿಸಿ ಕುಳಿತಿದ್ದರು.

“ತಪ್ಪ್ ನಂದ್ ಮಾರಾಯ. ನೀನ್ ಮಾಡದ್ ಒಂದ್ ಪಿಚ್ಚರ್, ನಾನ್ ಗ್ವಾಡಿಗ್ ಅಂಟ್ಸದ್ ಇನ್ನೊಂದ್.”

“ಇನ್ ಎಂತ ಮಾಡುದ್ ಅಕ್ಕ? ಸೋಮವಾರ ತೆಗಿತ್ರ್ ಅಂಬ್ರ್.”

“ಇನ್ನೂ ಎರಡ್ ದಿನ ಇತ್ತಲೆ. ಏಳ್, ಪ್ರೆಸ್ಸಿಗ್ ಹೋಪ.”

ಹಳದಿ ಹೋಗಿ ಬೆಳಗಿನ ಅಳಿವೆಯ ಬೂದು ನೀಲಿ ಬಂತು. ಹಾಸ್ಯನಟ ಹೋದರು, ಬುಟ್ಟಿ ಹೊತ್ತು ಕಡಲಿನತ್ತ ಮುಖ ಮಾಡಿ ನಿಂತ ಸೀತುವಿನ ಬೆನ್ನು ಮಾತ್ರ ಉಳಿಯಿತು. ಆದರೆ ಇಷ್ಟು ಖಾಲಿ ಜಾಗ ಕಂಡು ಮಾರುಕಟ್ಟೆಯ ಹೆಂಗಸರು ತಮ್ಮದಲ್ಲವೆಂದು ದಾಟಿಹೋದರೆ? ಬಹಳ ಹೊತ್ತು ಯೋಚಿಸಿದ ಜಲಜ ಕಂಪ್ಯೂಟರಿನ ಅಕ್ಷರಗಳನ್ನು ಅಳಿಸಿ, ಕುಂಚ ಹಿಡಿದು, ತಂದೆ ದೋಣಿಯ ಮೂತಿಗೆ ಬರೆಯುತ್ತಿದ್ದಂತೆಯೇ ದಪ್ಪಗೆ, ನೆರಳು ಕೊಟ್ಟು, ಚಿತ್ರದ ಹೆಸರನ್ನು ಬರೆದರು. ಮುದ್ರಣಾಲಯದ ಯಜಮಾನರು ಭಾನುವಾರ ಯಂತ್ರ ನಡೆಸಲು ಒಪ್ಪಿದರು. ಅಂದು ಸಂಜೆಯೊಳಗೆ ಆ ಪೋಸ್ಟರುಗಳು ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಮೀನು ಮಾರುಕಟ್ಟೆಗಳನ್ನು, ಹಂಗಾರಕಟ್ಟೆಯಲ್ಲಿ ದೋಣಿಗಳು ತಂಗುವ ದಕ್ಕೆಯನ್ನು ತಲುಪಿದವು. ಸುಶಾಂತ್ ಕಾಡಿ ಬೇಡಿದ್ದಕ್ಕೆ ವ್ಯವಸ್ಥಾಪಕರು ಇನ್ನೆರಡು ದಿನ ಕೊಟ್ಟು, ಮೀನು ಮಾರಿ ಮುಗಿಯುವ ಹೊತ್ತಿಗೆ ಸರಿಹೋಗುವಂತೆ ಆಟವನ್ನು ಮೂರು ಗಂಟೆಗೆ ಇಟ್ಟರು.

ಸೋಮವಾರ ಬಂದವರು ಮೂವತ್ತು ಮಂದಿ. ಮಂಗಳವಾರ ಸರಸ ಮುಂದಾಳಾಗಿ ಎರಡು ಟೆಂಪೊ ತುಂಬ ಹೆಂಗಸರು ಬಂದಿಳಿದರು. ಹಿಂದಿನ ಸಾಲಿನ ಗೋಡೆಗೆ ಒರಗಿ ನಿಂತ ಜಲಜ ತೆರೆಯನ್ನಲ್ಲ, ಮುಂದಿನ ತಲೆಗಳನ್ನು ನೋಡುತ್ತಿದ್ದರು. ದಡದ ದೃಶ್ಯ ಬಂತು. ಸಿಳ್ಳೆಯಿಲ್ಲ, ಕುರ್ಚಿಯ ಕಿರುಗುಟ್ಟುವಿಕೆಯೂ ಇಲ್ಲ. ಅಲ್ಲಲ್ಲಿ ಮೂಗೊರೆಸುವ ಸದ್ದು ಮಾತ್ರ. ಶನಿವಾರದಿಂದ ಹಿಡಿದಿಟ್ಟಿದ್ದ ಉಸಿರನ್ನು ಅವರು ಅಲ್ಲಿ ಬಿಟ್ಟರು. ಹೊರಬಂದ ಸರಸ ಕಣ್ಣೊರೆಸಿಕೊಂಡು, “ಈಗ ಸಮಾ ಆಯ್ತ್ ಕಾಣಿ” ಎಂದಷ್ಟೇ ಹೇಳಿ ಟೆಂಪೊ ಹತ್ತಿದರು. ಚಿತ್ರ ಐದು ವಾರ ಓಡಿತು.

ಅಂದಿನಿಂದ ಚಿತ್ರವನ್ನು ಪೂರ್ತಿ ನೋಡದೆ ಜಲಜ ಒಂದು ಗೆರೆಯನ್ನೂ ಎಳೆದವರಲ್ಲ. ಅವಸರ ಮಾಡಿದ ಹಂಚಿಕೆದಾರರನ್ನು ವಿನಯದಿಂದಲೇ ಹಿಂದೆ ಕಳಿಸಿದ್ದಾರೆ. ಕೆಲಸ ಕಲಿಯಲು ಬಂದವರಿಗೆ ತಮ್ಮ ಹಳದಿ ಪೋಸ್ಟರನ್ನೇ ಮೊದಲು ಬಿಡಿಸಿ ತೋರಿಸಿದ್ದಾರೆ. ಬೀಳ್ಕೊಡುಗೆಯ ದಿನ ಇನ್ನು ವಿಶ್ರಾಂತಿಯೇ ಎಂದು ಯಾರೋ ಕೇಳಿದಾಗ, “ಸುಶಾಂತಂದ್ ಹೊಸ ಪಿಚ್ಚರ್ ಇತ್ತಲೆ. ನಾಳೆ ಕಾಂಬುಕ್ ಹೋಯ್ಕ್” ಎಂದು ನಕ್ಕರಂತೆ. ಆ ನಾಳೆಗಳು ಅವರಿಗೆ ಬಹುಕಾಲ ಒದಗಲಿ; ಕಣ್ಣಿನ ಬೆಳಕೂ ಕೈಯ ಹಿಡಿತವೂ ಕುಂದದಿರಲಿ; ನಮ್ಮೂರಿನ ಹೆಂಗಸರು ಬಸ್ಸಿಗೆ ಕಾಯುತ್ತ ತಲೆಯೆತ್ತಿದಾಗ, ಇದು ತಮ್ಮ ಕಥೆಯೆಂದು ದೂರದಿಂದಲೇ ಗುರುತಿಸುವಂಥ ಪೋಸ್ಟರುಗಳು ಅವರ ಕೈಯಿಂದ ಇನ್ನೂ ಬರುತ್ತಿರಲಿ.