ಊರಿಗೆಲ್ಲ ಗೊತ್ತು, ಅವಳೊಬ್ಬಳಿಗೆ ಬಿಟ್ಟು

“ಅತ್ತೆ, ನಾನು ಸತ್ತೋಗ್ತೀನಾ?”

ಕಳೆದ ಭಾನುವಾರ ಮಂಚೇನಹಳ್ಳಿಯಲ್ಲಿ, ರೇಷ್ಮೆ ಸೀರೆ ಉಡಿಸಿಕೊಂಡು ಹಸೆಮಣೆ ಮೇಲೆ ಕೂತಿದ್ದ ಹನ್ನೆರಡು ವರ್ಷದ ಹುಡುಗಿ ನನ್ನ ಕಿವಿಯಲ್ಲಿ ಕೇಳಿದ ಪ್ರಶ್ನೆ ಇದು.

ಹುಡುಗಿ ಹರ್ಷಿತಾ, ನಮ್ಮ ದೊಡ್ಡಪ್ಪನ ಮಗನ ಮಗಳು. ಏಳನೇ ಕ್ಲಾಸು. ದೊಡ್ಡವಳಾದಳು ಅಂತ ಅಣ್ಣ ಆರತಿ ಶಾಸ್ತ್ರ ಇಟ್ಟುಕೊಂಡಿದ್ದ. ನಮ್ಮ ಕಡೆ ಅದೇನು ಸಣ್ಣ ಸಂಗತಿಯೇ? ಶಾಮಿಯಾನ, ಫೋಟೋಗ್ರಾಫರ್, ಪಾಯಸದ ಊಟ. ಸೋದರಮಾವ ನಗರಗೆರೆಯಿಂದ ತಟ್ಟೆಗಟ್ಟಲೆ ಎಳ್ಳಿನ ಚಿಗಳಿ, ಕೊಬ್ಬರಿ, ಹಣ್ಣು ಹೊರಿಸಿಕೊಂಡು ಬಂದಿದ್ದ. ಬಸ್ ಸ್ಟ್ಯಾಂಡ್ ಹತ್ತಿರ ಹುಡುಗಿಯ ಫೋಟೋ ಇರುವ ಫ್ಲೆಕ್ಸ್ ಬೇರೆ. (ಗೌರಿಬಿದನೂರು ಬಸ್ಸಿಂದ ಇಳಿದ ಗುರುತಿಲ್ಲದವರಿಗೂ ವಿಷಯ ಗೊತ್ತಾಗಲಿ ಅಂತ.)

“ಯಾಕಮ್ಮ ಹಂಗಂತೀಯ?” ಎಂದೆ, ಕುಂಕುಮ ಇಡುವ ನೆಪದಲ್ಲಿ ಬಗ್ಗಿ.

“ರಕ್ತ ಹೋಯ್ತು ಅತ್ತೆ. ಅಮ್ಮಂಗೆ ಹೇಳ್ದೆ. ಅಮ್ಮ ಅತ್ತುಬಿಟ್ಳು. ಆಮೇಲೆ ಮೂಲೇಲಿ ಚಾಪೆ ಹಾಕಿ ಕೂರ್ಸಿದ್ರು. ತಟ್ಟೆ, ಲೋಟ ಎಲ್ಲಾ ಬೇರೆ. ದಿನಾ ಯಾರಾದ್ರೂ ನೋಡಕ್ಕೆ ಬರ್ತಾರೆ, ತಿನ್ನಕ್ಕೆ ಕೊಡ್ತಾರೆ. ತಾತಂಗೂ ಹಿಂಗೇ ಅಲ್ವಾ ಮಾಡಿದ್ದು? ಆಮೇಲೆ ತಾತ ಹೋಗ್ಬಿಟ್ರಲ್ಲ.”

ನೀವೇ ಹೇಳಿ, ಆ ಮಗುವಿನ ತರ್ಕದಲ್ಲಿ ತಪ್ಪೇನಿದೆ? ಎಂಟು ದಿನದಿಂದ ಅವಳು ತನ್ನ ಸಾವಿಗೆ ಕಾಯುತ್ತಾ ಕೂತಿದ್ದಾಳೆ. ನಾವು ಪಾಯಸ ಬಡಿಸುತ್ತಿದ್ದೇವೆ.

ಅತ್ತಿಗೆಯನ್ನು ಪಕ್ಕಕ್ಕೆ ಕರೆದೆ. “ಇದು ಏನು, ಯಾಕಾಗತ್ತೆ ಅಂತ ಹೇಳಿಲ್ವಾ ಅವಳಿಗೆ?”

“ಅದನ್ನೆಲ್ಲ ಹೆಂಗೆ ಹೇಳದು? ನಾಚ್ಕೆ ಆಗಲ್ವಾ? ನಮಗ್ಯಾರು ಹೇಳ್ಕೊಟ್ರು, ತಾನೇ ಗೊತ್ತಾಗ್ಲಿಲ್ವಾ?” ಅತ್ತಿಗೆ ಡಿಗ್ರಿ ಓದಿದವಳು. ನಾಚಿಕೆ ಅಂದವಳೇ ಫೋಟೋಗ್ರಾಫರನ್ನು ಕರೆದು ಇನ್ನೊಂದು ಕ್ಲೋಸಪ್ ತೆಗೆಸಿದಳು.

ಮೈ ಉರಿದುಹೋಯಿತು. ಸೀರೆ ಸರಿಮಾಡುತ್ತೇನೆ ಅಂತ ಹುಡುಗಿಯನ್ನು ರೂಮಿಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದೆ. ಗರ್ಭಕೋಶ ಅಂದರೇನು, ತಿಂಗಳು ತಿಂಗಳು ಏನಾಗುತ್ತದೆ, ಮಗು ಎಲ್ಲಿ ಬೆಳೆಯುತ್ತದೆ ಎಲ್ಲ ಹೇಳಿದೆ. ಹತ್ತು ನಿಮಿಷ ಸಾಕಾಯಿತು.

“ಅಮ್ಮಂಗೂ ಆಗತ್ತಾ? ನಿಮಗೂ? ನಮ್ ಸೈನ್ಸ್ ಮಿಸ್‌ಗೂ?”

“ಎಲ್ಲಾರಿಗೂ ಕಣಮ್ಮ. ಇದು ಕಾಯಿಲೆ ಅಲ್ಲ.”

ಅವಳು ಬಿಕ್ಕಿ ಬಿಕ್ಕಿ ಅತ್ತಳು. ಮೇಕಪ್ಪೆಲ್ಲ ಹಾಳಾಯಿತು. ಅತ್ತು ಮುಗಿಸಿ, ಬೆಳಗಿನಿಂದ ಏನೂ ಮುಟ್ಟದವಳು ಒಂದಾದ ಮೇಲೊಂದು ಮೂರು ಚಿಗಳಿ ತಿಂದಳು.

“ಹಂಗಾದ್ರೆ ಮುಂಚೇನೇ ಯಾಕೆ ಯಾರೂ ಹೇಳ್ಲಿಲ್ಲ ಅತ್ತೆ?”

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತಿಗೆಯನ್ನು ಬೈದುಕೊಂಡೇ ಬಂದೆ. ಇವರೆಂಥ ತಾಯಂದಿರು? ಊರಿಗೆಲ್ಲ ಫ್ಲೆಕ್ಸ್ ಕಟ್ಟಿಸುವವರಿಗೆ ಮಗಳ ಜೊತೆ ಹತ್ತು ನಿಮಿಷ ಕೂತು ಮಾತಾಡುವುದಕ್ಕೆ ಏನು ಕಷ್ಟ? ಈ ವಾರದ ಅಂಕಣ ಅರ್ಧ ತಲೆಯಲ್ಲೇ ತಯಾರಾಗಿತ್ತು.

ಮನೆಗೆ ಬಂದಾಗ ನನ್ನ ಮಗ, ಒಂಬತ್ತನೇ ಕ್ಲಾಸಿನವನು, ಬ್ಯಾಗಿಂದ ಚಿಗಳಿ ಎತ್ತಿಕೊಂಡು ಕೇಳಿದ. “ಏನ್ ಫಂಕ್ಷನ್ ಅಮ್ಮ ಹರ್ಷಿಂದು?”

“ಬರ್ತ್‌ಡೇ ಕಣೋ” ಎಂದೆ.

“ಅವಳ ಬರ್ತ್‌ಡೇ ಆಗ್ಲೇ ಆಯ್ತಲ್ಲ?”

ಕುಕ್ಕರ್ ಕೂಗಿತು ಅಂತ ಅಡುಗೆಮನೆಗೆ ಓಡಿದೆ. ಒಲೆ ಮೇಲೆ ಕುಕ್ಕರೇ ಇರಲಿಲ್ಲ.