‘ಹೋಗೂಣಂತ’ ಎಂಬ ಮಾತು

ನಮ್ಮ ಪಡಸಾಲೆಯಲ್ಲಿ ಒಂದು ಕುರ್ಚಿ ಇದೆ. ಅದರ ಹಿಂದಿನ ಕಾಲು ಮುರಿದು ಮೂರು ವರ್ಷವಾಯಿತು. ಕಾಲಿನ ಜಾಗದಲ್ಲಿ ನಾಲ್ಕು ಇಟ್ಟಂಗಿ ಪೇರಿಸಿದ್ದೇನೆ. ಬಂದವರಿಗೆಲ್ಲ “ಎಡಕ್ಕ ವಾಲಬ್ಯಾಡ್ರಿ” ಎಂದು ಹೇಳುವುದು ಬಡಿಗನನ್ನು ಕರೆಯುವುದಕ್ಕಿಂತ ಸುಲಭ. ಆ ಮಾತನ್ನು ಈ ಮೂರು ವರ್ಷದಲ್ಲಿ ಎಷ್ಟು ಸಲ ಹೇಳಿದ್ದೇನೆಂದರೆ, ಅಷ್ಟೇ ಉಸಿರು ಖರ್ಚು ಮಾಡಿದ್ದರೆ ನಾನೇ ಬಡಿಗತನ ಕಲಿಯಬಹುದಿತ್ತು.

ನಾನು ಉಗಾರ ಬುದ್ರುಕದವನು. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದೆ. ‘ನಾಳೆ ಎಂದವನ ಮನೆ ಹಾಳು’ ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದು ವರ್ಷಕ್ಕೊಮ್ಮೆಯಾದರೂ ಮಕ್ಕಳಿಗೆ ಕೊಡುತ್ತಿದ್ದೆ. ಅವರು ಪಾಪ, ವಿಸ್ತರಿಸಿ ಬರೆದು ಅದೇ ದಿನ ಒಪ್ಪಿಸುತ್ತಿದ್ದರು. ತಿದ್ದದ ಆ ಪೇಪರುಗಳು ಕೈಚೀಲದಲ್ಲಿ ನನ್ನ ಸಂಗಡ ಸಾಲೆಗೂ ಮನೆಗೂ ತಿರುಗಾಡುತ್ತಿದ್ದವು. ಕಡೆಗೊಂದು ದಿನ ಹೆಡ್‌ಮಾಸ್ತರರು ಸಿಪಾಯಿಯನ್ನು ಮನೆಗೆ ಕಳಿಸುತ್ತಿದ್ದರು. ಸಿಪಾಯಿ ಕಟ್ಟೆಯ ಮೇಲೆ ಚಹಾ ಕುಡಿದು ಮುಗಿಸುವುದರೊಳಗೆ ಒಂದು ತರಗತಿಯ ಗಾದೆಯನ್ನೆಲ್ಲ ನಾನು ತಿದ್ದಿ ಎಸೆಯುತ್ತಿದ್ದೆ.

ತಪ್ಪು ಪೂರಾ ನನ್ನದೇ ಅಲ್ಲ, ಸ್ವಲ್ಪ ನಮ್ಮ ಭಾಷೆಯದೂ ಇದೆ ಎಂದು ವಾದಿಸುವ ಚಟ ನನಗೆ. ನಮ್ಮ ಕಡೆ ಯಾರೂ ಕೆಲಸವನ್ನು ‘ಮಾಡುವುದಿಲ್ಲ’ ಎನ್ನುವುದಿಲ್ಲ. ‘ಮಾಡೂಣಂತ’ ಎನ್ನುತ್ತಾರೆ. ಹೋಗೂಣಂತ, ನೋಡೂಣಂತ, ಕೊಡೂಣಂತ. ಆ ಕೊನೆಯ ‘ಅಂತ’ ಇದೆಯಲ್ಲ, ವ್ಯಾಕರಣ ಕೇಳಿದರೆ ಅದು ಬೇರೆಯವರ ಮಾತನ್ನು ತಂದು ಹೇಳುವಾಗ ಬರುವಂಥದ್ದು. ‘ಹೋಗೋಣ’ ಎಂದರೆ ನಾನು ಹೊರಟು ನಿಂತಂತೆ. ‘ಹೋಗೂಣಂತ’ ಎಂದರೆ ಹೋಗೋಣ ಎಂದು ಯಾರೋ ಅಂದರಂತೆ, ನಾನು ಕೇಳಿದ್ದನ್ನು ನಿನಗೆ ತಿಳಿಸುತ್ತಿದ್ದೇನೆ, ಅಷ್ಟೇ. ಅದರ ಮುಂದೆ ಒಂದು ‘ತಗೋ’ ಸೇರಿಸಿ ‘ಹೋಗೂಣಂತ ತಗೋ’ ಎಂದುಬಿಟ್ಟರೆ ಕೇಳಿದವರ ಕೈಗೆ ಏನನ್ನೋ ಕೊಟ್ಟಂತೆಯೂ ಆಗುತ್ತದೆ. ಭೂತ, ವರ್ತಮಾನ, ಭವಿಷ್ಯತ್ತು ಎಂದು ಮಕ್ಕಳಿಗೆ ಮೂರು ಕಾಲ ಹೇಳಿಕೊಟ್ಟೆ. ನಾನು ಬಾಳಿದ್ದು ಈ ನಾಲ್ಕನೆಯದರಲ್ಲಿ.

ಶುರು ಮಾಡಿದ ಕೆಲಸದಲ್ಲಾದರೂ ಮನಸ್ಸು ನಿಲ್ಲುತ್ತದೆಯೇ ಎಂದರೆ ಅದೂ ಇಲ್ಲ. ಪೆನ್ಶನ್ನಿನ ಅರ್ಜಿ ತುಂಬಲು ಕೂತರೆ ಪೆನ್ನು ಹುಡುಕಬೇಕಾಗುತ್ತದೆ. ಪೆನ್ನು ಹುಡುಕಲು ಕಪಾಟು ತೆರೆದರೆ ಹಳೆಯ ಪಂಚಾಂಗ ಸಿಗುತ್ತದೆ. ಪಂಚಾಂಗ ಓದುತ್ತ ಕೂತವನಿಗೆ ಊಟಕ್ಕೆ ಕರೆ ಬಂದಾಗಲೇ ಅರ್ಜಿಯ ನೆನಪು.

ಇಷ್ಟು ಹೊತ್ತು ನಗೆಚಾಟಿಕೆಯಲ್ಲಿ ಕಳೆದೆ. ಇದೂ ಮುಂದಕ್ಕೆ ಹಾಕುವ ಒಂದು ಉಪಾಯವೇ. ಹೇಳಬೇಕಾದದ್ದು ನನ್ನ ಹೆಂಡತಿ ತ್ರಿಶಲಾಳ ಕಣ್ಣಿನ ಸಂಗತಿ.

ಹೋದ ವರ್ಷದ ಸಂಕ್ರಮಣದಲ್ಲಿ ಅವಳು ಎಳ್ಳು ಆರಿಸುತ್ತ ಕೂತವಳು, ಬಲಗಣ್ಣಿನಲ್ಲಿ ಮಂಜು ಕವಿದಂತೆ ಆಗುತ್ತದೆ, ಒಮ್ಮೆ ಮಿರಜಿಗೆ ಹೋಗಿ ತೋರಿಸಿಕೊಂಡು ಬರೋಣವೇ ಎಂದು ಕೇಳಿದಳು. ಮಿರಜ ನಮಗೆ ದೂರವಲ್ಲ. ರೈಲು ಹತ್ತಿ ಕೂತು ಒಂದು ಪೊಟ್ಟಣ ಶೇಂಗಾ ತಿಂದು ಮುಗಿಸುವುದರೊಳಗೆ ಬರುತ್ತದೆ. “ಹೋಗೂಣಂತ ತಗೋ” ಎಂದೆ. ಆಗ ಹೊಳೆದಂಡೆಯ ನಮ್ಮ ಎರಡು ಎಕರೆ ಕಬ್ಬು ಕಡಿಯುವವರು ಇವತ್ತು ಬರುತ್ತಾರೆ, ನಾಳೆ ಬರುತ್ತಾರೆ ಎನ್ನುವಂತಿತ್ತು. ಕಬ್ಬು ಹೋಯಿತು. ಆಮೇಲೆ ತೆಲಸಂಗದಲ್ಲಿ ಅವಳ ತಂಗಿಯ ಮಗಳ ಮದುವೆ ಬಂತು. ಮದುವೆ ಮುಗಿಯುವುದರೊಳಗೆ ನನಗೊಂದು ಪಂಡಿತರ ನೆಪವೂ ಸಿಕ್ಕಿತು.

ಅದು ಮೋತಿಬಿಂದು, ಅಂದರೆ ಕಣ್ಣಿನ ಪೊರೆ, ಎಂದು ನಾನೇ ತೀರ್ಮಾನ ಮಾಡಿದೆ. ಅರವತ್ತರ ಹತ್ತಿರದ ಕಣ್ಣು, ಮಂಜು ಮಂಜು ಎನ್ನುತ್ತಾಳೆ, ಮತ್ತೇನು? ಮೋತಿಬಿಂದು ಹಣ್ಣಾಗುವ ತನಕ ಆಪರೇಶನ್ ಮಾಡುವುದಿಲ್ಲ, ಕಾಯಿ ಇದ್ದರೆ ಹೊಳ್ಳಿ ಕಳಿಸುತ್ತಾರೆ ಎಂದು ನಮ್ಮಪ್ಪನ ಕಾಲದ ಮಾತು. ಹಾಗಾಗಿ ನನ್ನ ಆಲಸ್ಯಕ್ಕೆ ವೈದ್ಯಶಾಸ್ತ್ರದ ಬೆಂಬಲವೇ ಬಂದಂತಾಯಿತು. ಅವಳು ಕೇಳಿದಾಗಲೆಲ್ಲ “ಹಣ್ಣಾಗಲಿ, ಹೋಗೂಣಂತ” ಎನ್ನುತ್ತಿದ್ದೆ. ನಾಲ್ಕು ಸಲ ಕೇಳಿರಬೇಕು. ಐದನೆಯ ಸಲ ಕೇಳಲಿಲ್ಲ, ಅದನ್ನು ನಾನು ಆರಾಮಾಗಿದೆ ಎಂದು ತಿಳಿದೆ.

ನಮ್ಮದು ಜೈನರ ಮನೆ. ನಾನು ಹೆಸರಿಗೆ ಜೈನ, ಅವಳು ನಡೆಯಲ್ಲಿ. ಮದುವೆಯಾಗಿ ಬಂದಾಗಿನಿಂದ ಹೊತ್ತು ಮುಳುಗಿದ ಮೇಲೆ ಅವಳು ಒಂದು ತುತ್ತು ಉಂಡಿಲ್ಲ. ಕತ್ತಲಲ್ಲಿ ತಾಟಿಗೆ ಹುಳುಹುಪ್ಪಡಿ ಬಿದ್ದರೆ ಕಾಣುವುದಿಲ್ಲ, ಕಾಣದೆ ಒಂದು ಜೀವ ಹೋದೀತು ಎಂಬುದು ಅದರ ಹಿಂದಿನ ವಿಚಾರ. ಬೇಸಿಗೆಯಲ್ಲಿ ಅವಳ ಊಟ ಆರೂವರೆಗೆ. ಆ ವರ್ಷ ಹೋಳಿ ಹುಣ್ಣಿಮೆ ಕಳೆದ ಮೇಲೆ ಆರಕ್ಕೇ ಉಣ್ಣತೊಡಗಿದಳು. ಅಕ್ಷಯ ತದಿಗೆಯ ಹೊತ್ತಿಗೆ ಐದೂವರೆಯಾಯಿತು. ಅಂಗಳದಲ್ಲಿ ಬಿಸಿಲು ಇನ್ನೂ ಚುರುಗುಟ್ಟುತ್ತಿರುವಾಗ ಇವಳು ರೊಟ್ಟಿ ಮುರಿಯುತ್ತ ಕೂತಿರುತ್ತಿದ್ದಳು. ಯಾಕಿಷ್ಟು ಅವಸರ ಎಂದು ಕೇಳಿದರೆ ಹೊತ್ತಾಯಿತಲ್ಲ ಎನ್ನುತ್ತಿದ್ದಳು. ನನಗೆ ಚೇಷ್ಟೆ. “ನಿನ್ನ ಸೂರ್ಯಾ ಸರಕಾರಿ ನೌಕರ ಅದಾನೇನ? ಐದೂವರಿಗೇ ಬಾಗಲಾ ಹಾಕಾಕತ್ತಾನ” ಎಂದೆ. ಅವಳೂ ನಕ್ಕಳು. ಆ ಜೋಕನ್ನು ನಾನು ಬೀಗರ ಮುಂದೆ, ಐಗಳಿಯಿಂದ ಬಂದ ಮಗಳ ಮುಂದೆ, ಬಸದಿಯ ಕಟ್ಟೆಯ ಮೇಲೆ ಕೂತವರ ಮುಂದೆ ಹೇಳಿ ಹೇಳಿ ನಗಿಸಿದೆ. ಒಳ್ಳೆಯ ಜೋಕು ಎಂದು ಹೆಮ್ಮೆಯೂ ಇತ್ತು.

ಮಳೆಗಾಲ ಶುರುವಾಗಿ ಒಂದು ಮಧ್ಯಾಹ್ನ ಅವಳು ನನ್ನ ಕಪ್ಪಿನ ಪಕ್ಕದ ನೆಲಕ್ಕೆ ಚಹಾ ಸುರಿದಳು. ಕಪ್ಪು ಬರಿದಾಗಿಯೇ ಇತ್ತು, ಅವಳು ಸುರಿಯುತ್ತಲೇ ಇದ್ದಳು. ಮರುದಿನ ಬೆಳಗಿನ ರೈಲಿಗೆ ಮಿರಜಿಗೆ ಹೋದೆವು. ಆರು ತಿಂಗಳಿಂದ ಆಗದ ಕೆಲಸ ಒಂದು ರಾತ್ರಿಯಲ್ಲಿ ಆಯಿತು ಎಂಬುದನ್ನು ಇವತ್ತಿಗೂ ನೆನೆಯಲಾರೆ.

ಡಾಕ್ಟರಬಾಯಿ ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಮಾತಾಡುವವರು. ದೀಪ ಹಿಡಿದು ನೋಡಿದರು, ಒತ್ತಡ ಅಳೆದರು, ಯಾವಾಗಿನಿಂದ ಹೀಗಿದೆ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ತ್ರಿಶಲಾ ಹೇಳಿದಳು. “ಹೋಳಿ ಹುಣ್ಣಿವಿ ಆದಾಗಿಂದ ಊಟಾ ಜಲ್ದಿ ಮಾಡಾಕತ್ತೇನ್ರಿ ಬಾಯಾರ. ತಾಟಿನ್ಯಾಗ ಹುಳಾ ಬಿದ್ರ ಕಾಣವಲ್ದು. ಬಿಸಲ ಇದ್ದಾಗ ಉಂಡರ ಅಷ್ಟಷ್ಟ ಕಾಣತೈತಿ.”

ನಾನು ಗೋಡೆಯ ಕಡೆ ನೋಡಿದೆ. ಅಲ್ಲಿ ಅಕ್ಷರಗಳು ದೊಡ್ಡದರಿಂದ ಸಣ್ಣದಾಗುತ್ತ ಹೋಗುವ ಪಟ ತೂಗುಹಾಕಿತ್ತು. ನನಗೆ ಅದರ ಕೊನೆಯ ಸಾಲೂ ಕಾಣುತ್ತಿತ್ತು, ಅದರಿಂದ ನಾಚಿಕೆಯಾಯಿತು.

ಅದು ಮೋತಿಬಿಂದು ಅಲ್ಲ, ಕಾಚಬಿಂದು ಎಂದರು ಡಾಕ್ಟರು. ಕಣ್ಣಿನೊಳಗೆ ಒತ್ತಡ ಏರಿ ನರವನ್ನೇ ತಿನ್ನುವ ರೋಗ. ಮೋತಿಬಿಂದುವಿಗೂ ಹಣ್ಣಾಗಲೆಂದು ಕಾಯುವ ಕಾಲ ಎಂದೋ ಹೋಯಿತು, ಇದಕ್ಕಂತೂ ಕಾಯುವ ಮಾತೇ ಇಲ್ಲ ಎಂದರು. ನಮ್ಮ ಜನ ಎರಡೂ ರೋಗಕ್ಕೆ ಮರಾಠಿಯ ಹೆಸರನ್ನೇ ಹೇಳುತ್ತಾರೆ. ಒಂದು ಮುತ್ತಿನ ಹನಿ, ಒಂದು ಗಾಜಿನ ಹನಿ. ಮಾತಿನ ಮೇಲೆ ಹೊಟ್ಟೆ ಹೊರೆದವನು ನಾನು, ಎರಡು ಮಾತಿನ ನಡುವಿನ ಅಂತರ ಹೆಂಡತಿಯ ಬಲಗಣ್ಣಿನಷ್ಟು ಎಂದು ತಿಳಿದಿರಲಿಲ್ಲ. “ಹೋದದ್ದು ಹೊಳ್ಳಿ ಬರೂದಿಲ್ರಿ ಮಾಸ್ತರ” ಎಂದರು ಡಾಕ್ಟರು. “ಎಡಗಣ್ಣರ ಉಳಿಸ್ಕೋರಿ. ಹನಿ ಒಂದ ದಿನಾನೂ ತಪ್ಪಬಾರದು.” ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ನಾನು ಮಾಡದ್ದನ್ನು ಉಂಡವಳು ಅವಳು.

ಹನಿಯ ಕೆಲಸ ಹೀಗೆ. ಬೆಳಿಗ್ಗೆ ಎರಡು ಬಾಟಲಿ, ಸಂಜೆ ಎರಡು ಬಾಟಲಿ. ಮೊದಲ ಬಾಟಲಿಯ ಹನಿ ಹಾಕಿ, ಮೂಗಿನ ಕಡೆಯ ಕಣ್ಣಂಚನ್ನು ಬೆರಳಿನಿಂದ ಒತ್ತಿ ಹಿಡಿದು, ಐದು ನಿಮಿಷ ಬಿಟ್ಟು ಎರಡನೆಯದು. ಅವಳ ಕೈ ನಡುಗುತ್ತದೆ, ನಾನೇ ಹಾಕಬೇಕು. ಮೊಬೈಲಿನಲ್ಲಿ ಅಲಾರಾಂ ಇಟ್ಟೆ. ಆದರೆ ಅಲಾರಾಮಿನಲ್ಲೂ ‘ಆಮೇಲೆ’ ಎಂಬ ಗುಂಡಿ ಇರುತ್ತದೆ, ನನ್ನ ಹೆಬ್ಬೆರಳು ಅದನ್ನು ಕತ್ತಲಲ್ಲೂ ಹುಡುಕಿ ಒತ್ತಬಲ್ಲದು. ಎರಡೇ ವಾರದಲ್ಲಿ ಸಂಜೆಯ ಹನಿ ಏಳಕ್ಕೂ ಎಂಟಕ್ಕೂ ಜಾರತೊಡಗಿತು. ನನ್ನ ಗುಣ ಅವಳಿಗೆ ಗೊತ್ತಿಲ್ಲವೇ? ಒಂದು ದಿನ ಬಸದಿಗೆ ಹೋಗಿ ನೇಮ ಹಿಡಿದು ಬಂದಳು. ನಮ್ಮಲ್ಲಿ ಸಣ್ಣ ಸಣ್ಣ ವ್ರತಕ್ಕೆ ನೇಮ ಎನ್ನುತ್ತೇವೆ. ಸಂಜೆಯ ಹನಿ ಬೀಳದ ಹೊರತು ಉಣ್ಣುವುದಿಲ್ಲ ಎಂಬುದೇ ಅವಳ ನೇಮ. ಉಣ್ಣುವುದೋ, ಹೊತ್ತು ಮುಳುಗುವುದರೊಳಗೆ. ನನಗೇನೂ ಹೇಳಲಿಲ್ಲ, ಬೈಯಲಿಲ್ಲ.

ಅದರ ಬಿಸಿ ನನಗೆ ತಟ್ಟಿದ್ದು ಕಾಗವಾಡಕ್ಕೆ ಹೋದ ದಿನ. ಹಳೆಯ ಶಿಷ್ಯನೊಬ್ಬ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ, ಚಹಾದ ಅಂಗಡಿಯಲ್ಲಿ ಕೂತೆವು, ಅವನು ನನ್ನ ಪಾಠವನ್ನು ಹೊಗಳಿದ. ಹೊಗಳಿಕೆಗೆ ಕೂತವನು ಬೇಗ ಏಳುವುದಿಲ್ಲ. ಒಂದು ಬಸ್ಸು ಬಿಟ್ಟೆ, ಇನ್ನೊಂದು ಬಿಟ್ಟೆ. ಮನೆ ಮುಟ್ಟಿದಾಗ ದೀಪ ಹಚ್ಚಿದ್ದರು. ತ್ರಿಶಲಾ ಬಾಗಿಲಲ್ಲಿ ಕೂತಿದ್ದಳು. ರೊಟ್ಟಿ, ಪಲ್ಯ ಒಳಗೆ ಮುಚ್ಚಿದಂತೆಯೇ ಇದ್ದವು. ಪಕ್ಕದ ಮನೆಯ ಸೊಸೆ ತಾನೇ ಹನಿ ಹಾಕುತ್ತೇನೆಂದು ಎರಡು ಸಲ ಬಂದಳಂತೆ. ಅವರು ಬರುತ್ತಾರೆ ಎಂದು ಇವಳು ಎರಡು ಸಲವೂ ಹೊಳ್ಳಿ ಕಳಿಸಿದ್ದಳಂತೆ. ನಾನು ಹನಿ ಹಾಕಿದೆ. ಅವಳು ಹಸಿದೇ ಮಲಗಿದಳು. ಮರುದಿನ ಸೂರ್ಯ ಮೂಡುವ ತನಕ ನೀರನ್ನೂ ಮುಟ್ಟಲಿಲ್ಲ. ಅವಳಿಗೆ ಸಿಟ್ಟು ಬಂದಿದ್ದರೆ ನನಗೆ ಎಷ್ಟೋ ಸುಖವಿತ್ತು. ಆಮೇಲೆ ಒಂದು ಸಂಜೆಯೂ ತಪ್ಪಿಸಿಲ್ಲ. ಇದನ್ನು ಆಲಸ್ಯ ಗೆದ್ದ ಕತೆ ಎಂದು ಓದಬೇಡಿ. ಇಟ್ಟಂಗಿಯ ಮೇಲಿನ ಕುರ್ಚಿ ಹಾಗೇ ಇದೆ, ಪೆನ್ಶನ್ನಿನ ಅರ್ಜಿಯೂ ಅರ್ಧಕ್ಕೇ ಇದೆ. ಒಂದು ಕೆಲಸ ಮಾತ್ರ ಆಗುತ್ತದೆ.

ಇನ್ನೊಂದು ಕೆಲಸ ಬಾಕಿ ಉಳಿದಿತ್ತು. ಭಾದ್ರಪದದ ಹತ್ತು ದಿನದ ಪರ್ವ ಮುಗಿದ ಮೇಲೆ ನಮ್ಮಲ್ಲಿ ಕ್ಷಮಾವಾಣಿ ಎಂದು ಮಾಡುತ್ತಾರೆ. ವರ್ಷದಲ್ಲಿ ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಕಂಡಕಂಡವರಲ್ಲಿ ಕೈಮುಗಿದು ಕ್ಷಮೆ ಕೇಳುವುದು. ಹೋದ ವರ್ಷ ಆ ದಿನ ನಾನು ಇಡೀ ಓಣಿಗೆ ಕೈಮುಗಿದೆ. ನಾನು ಯಾವ ತಪ್ಪನ್ನೂ ಮಾಡದವರಿಗೂ ಮುಗಿದೆ. ಅವಳಿಗೆ ಮನೆಗೆ ಹೋಗಿ ಹೇಳಿದರಾಯಿತು ಎಂದುಕೊಂಡೆ. ಮನೆಗೆ ಬಂದ ಮೇಲೆ ಸಂಜೆ ಎಂದುಕೊಂಡೆ. ಒಂದು ವರ್ಷ ಹಾಗೇ ಹೋಯಿತು.

ಈ ವರ್ಷ ಕ್ಷಮಾವಾಣಿಯ ದಿನ ಬಸದಿಯಿಂದ ಬಂದು ಅವಳನ್ನು ಕಟ್ಟೆಯ ಮೇಲೆ ಕೂರಿಸಿ ಮೊದಲ ಹನಿ ಹಾಕಿದೆ. ಅವಳು ಕಣ್ಣು ಮುಚ್ಚಿದಳು. ನಾನು ಕಣ್ಣಂಚನ್ನು ಒತ್ತಿ ಹಿಡಿದೆ. ಐದು ನಿಮಿಷ ನನ್ನ ಕೈ ಅಲ್ಲೇ ಇರಬೇಕು, ಎದ್ದು ಪೆನ್ನು ಹುಡುಕುವ ಹಾಗಿಲ್ಲ.

“ತ್ರಿಶಲಾ, ಸಂಕ್ರಮಣದಾಗ ನೀ ಹೇಳಿದಾಗನಽ ಕರಕೊಂಡ ಹೋಗಬೇಕಾಗಿತ್ತು. ತಪ್ಪ ನಂದು. ಕ್ಷಮಾ ಮಾಡು.”

ಅವಳು ಕಣ್ಣು ಮುಚ್ಚಿಕೊಂಡೇ ಹೇಳಿದಳು. “ಡಾಕ್ಟರ ಏನ ಹೇಳತಾರೋ ಅಂತ ನನಗೂ ಅಂಜಿಕಿ ಇತ್ರಿ. ನೀವು ಹೋಗೂಣಂತ ಅಂದಾಗೊಮ್ಮೆ ನನಗೂ ಹಗರ ಆಗತಿತ್ತು.”

ಇದು ನಿಜವೋ, ನನ್ನ ಎದೆಯ ಭಾರ ಇಳಿಸಲು ಆಗ ಹೊಳೆದ ಮಾತೋ ನನಗೆ ಗೊತ್ತಿಲ್ಲ. ನಿಜವಾದರೆ, ಇಬ್ಬರಲ್ಲಿ ಒಬ್ಬರಾದರೂ ಅಂಜದೆ ಇರಬೇಕಿತ್ತು, ಅದು ನನ್ನ ಪಾಲಿಗೆ ಬಂದ ಕೆಲಸವಾಗಿತ್ತು. ಸುಳ್ಳಾದರೆ, ಬಸದಿಯಲ್ಲಿ ಇಡೀ ಓಣಿ ನನಗೆ ಕೊಟ್ಟ ಕ್ಷಮೆಯೆಲ್ಲ ಕೂಡಿದರೂ ಇದರ ಸಮ ಬರುವುದಿಲ್ಲ. ಕೇಳಿಯೇ ಬಿಡೋಣ ಎಂದು ಬಾಯಿ ತೆರೆದೆ. ಅವಳು ಕೇಳಗೊಡಲಿಲ್ಲ. ಐದು ನಿಮಿಷ ಆಯಿತು, ಇನ್ನೊಂದು ಹನಿ ಹಾಕಿ ಎಂದಳು.

ಮೊಬೈಲು ನೋಡಿದೆ. ಇನ್ನೂ ಇಪ್ಪತ್ತು ಸೆಕೆಂಡು ಬಾಕಿ ಇತ್ತು. ಆದರೂ ಹಾಕಿದೆ. ಬದುಕಿನಲ್ಲಿ ಹೊತ್ತಿಗೆ ಮುಂಚೆ ನಾನು ಮಾಡಿದ ಕೆಲಸ ಅದೊಂದೇ.