ಮೂರು ಲಕ್ಷದ ಎಡಗಡೆ

ನಿಪ್ಪಾಣಿಯ ಒಂದು ಸೀರೆ ಅಂಗಡಿಯಲ್ಲಿ ನಾನು ಎರಡು ವರ್ಷ ಲೆಕ್ಕ ಬರೆಯುವ ಕೆಲಸ ಮಾಡಿದೆ. ಚಿಕ್ಕೋಡಿಯಲ್ಲಿ ಗಣಿತ ತೆಗೆದುಕೊಂಡು ಬಿಎಸ್ಸಿ ಮುಗಿಸಿದ್ದೆ. ಬಿ.ಇಡಿ.ಗೆ ಸೀಟು ಸಿಗುವವರೆಗೆ ಇರಲಿ ಎಂದು ಸೇರಿದ್ದು. ದಿನಾ ಬಸ್ಸಿನಲ್ಲಿ ಹೋಗಿ, ಬಿಲ್ಲುಗಳನ್ನು ಕಂಪ್ಯೂಟರಿಗೆ ಏರಿಸಿ, ಸಂಜೆ ಬಸ್ಸಿಗೆ ವಾಪಸು ಬರುತ್ತಿದ್ದೆ. ಕಲಿತದ್ದಕ್ಕೂ ಆ ಕೆಲಸಕ್ಕೂ ಸಂಬಂಧವಿರಲಿಲ್ಲ. ಕೂಡಿಸುವುದನ್ನೂ ಕಂಪ್ಯೂಟರೇ ಮಾಡುತ್ತಿತ್ತು.

ಹಾಗಾಗಿ ಒಂದು ದಿನ ಮಾಲೀಕರು ತಮ್ಮ ಗಾಜಿನ ಕೋಣೆಗೆ ಕರೆದು, ನೀನು ಗಣಿತ ಓದಿದವಳು, ಒಂದು ಪಗಾರದ ಲೆಕ್ಕ ಮಾಡಿ ತೋರಿಸು ಎಂದಾಗ ನನಗೆ ಹಿಗ್ಗಾಯಿತು. ಅಂಗಡಿಯಲ್ಲಿ ಮಾರುವವರು ಆರು ಮಂದಿ. ಒಬ್ಬೊಬ್ಬರಿಗೆ ತಿಂಗಳಿಗೆ ಒಂಬತ್ತು ಸಾವಿರ ಪಗಾರ, ಅದರ ಮೇಲೆ ಮಾರಿದ ಮಾಲಿಗೆ ನೂರಕ್ಕೆ ಒಂದು ರೂಪಾಯಿ ಕಮಿಷನ್. ಅದನ್ನು ಆರು ಸಾವಿರ ಪಗಾರ, ನೂರಕ್ಕೆ ಎರಡು ರೂಪಾಯಿ ಕಮಿಷನ್ ಎಂದು ಬದಲಿಸುವುದು ಮಾಲೀಕರ ಯೋಚನೆ.

ನಾನು ಗ್ರಾಫ್ ಹಾಳೆ ಕೊಂಡು ತಂದೆ. ಅಡ್ಡಕ್ಕೆ ಮಾರಾಟ, ಉದ್ದಕ್ಕೆ ಕಮಿಷನ್ ಸೇರಿದ ಸಂಬಳ. ಹಳೆಯದಕ್ಕೆ ಒಂದು ಗೆರೆ ನೀಲಿ, ಹೊಸದಕ್ಕೆ ಒಂದು ಕೆಂಪು. ಮಾರಾಟ ಮೂರು ಲಕ್ಷವಾದಾಗ ಎರಡೂ ಹನ್ನೆರಡು ಸಾವಿರದಲ್ಲಿ ಕೂಡುತ್ತಿದ್ದವು. ಅಲ್ಲಿಂದ ಬಲಕ್ಕೆ ಹೊಸ ಗೆರೆ ಮೇಲೆ, ಎಡಕ್ಕೆ ಹಳೆಯದು ಮೇಲೆ. ಕಾಲೇಜು ಬಿಟ್ಟ ಮೇಲೆ ಅಷ್ಟು ಚೆಂದದ ಕೆಲಸ ನಾನು ಮಾಡಿರಲಿಲ್ಲ.

ಮಾಲೀಕರು ಹಾಳೆಯನ್ನು ಬಹಳ ಹೊತ್ತು ನೋಡಿದರು. "ಈ ಎಡಗಡೇದ ಬ್ಯಾಡ," ಎಂದರು. "ಇದನ್ನ ನೋಡಿ ಸುಮ್ನ ಹೆದರ್ತಾರ. ಮೂರ್ ಲಕ್ಷದಿಂದ ಚಾಲೂ ಮಾಡಿ ತಗಿ." ನಿನ್ನ ಟೇಬಲ್ಲನ್ನು ಈ ಕೋಣೆಯೊಳಗೇ ಹಾಕಿಸುತ್ತೇನೆ ಎಂದೂ ಅಂದರು. ನಾನು ಬೇರೆ ಹಾಳೆಯಲ್ಲಿ ಮೂರು ಲಕ್ಷದಿಂದ ಬಲಕ್ಕಷ್ಟೇ ಬರೆದೆ. ಅದರಲ್ಲಿ ಒಂದು ಅಂಕಿಯೂ ಸುಳ್ಳಿರಲಿಲ್ಲ. ನನಗೆ ನಾನೇ ಹಾಗೆ ಹೇಳಿಕೊಂಡೆ.

ಸೋಮವಾರ ಬೆಳಿಗ್ಗೆ ಗಿರಾಕಿಗಳು ಬರುವ ಮುಂಚೆ ಆರೂ ಮಂದಿಗೆ ವಿವರಿಸಿದ್ದು ನಾನೇ. ಮೇಲೇರುವ ಕೆಂಪು ಗೆರೆಯನ್ನು ಅವರು ಬಾಯಿ ಬಿಟ್ಟು ನೋಡಿದರು. ಆರನೆಯವರನ್ನು ಎಲ್ಲರೂ ಮಾವಶಿ ಎನ್ನುತ್ತಿದ್ದರು, ಮರಾಠಿಯಲ್ಲಿ ಚಿಕ್ಕಮ್ಮ. ಐವತ್ತು ದಾಟಿದ ಹೆಂಗಸು. ರವಿಕೆಯ ಜಂಪರ್ ಪೀಸು, ಪೆಟಿಕೋಟು, ಫಾಲಿನ ಕೌಂಟರು ಅವರದು. ಸೇರಿದ ದಿನದಿಂದಲೂ ತಮ್ಮ ಡಬ್ಬಿಯ ರೊಟ್ಟಿ, ಶೇಂಗಾ ಚಟ್ನಿಯಲ್ಲಿ ನನಗೊಂದು ಪಾಲು ಇಡುತ್ತಿದ್ದವರು. ಎಪ್ಪತ್ತು ಎಂಬತ್ತು ರೂಪಾಯಿಯ ತುಂಡು ಮಾರಿ ಯಾರು ಮೂರು ಲಕ್ಷ ಮುಟ್ಟುತ್ತಾರೆ? ಅವರ ಕೌಂಟರಿನ ಮಾರಾಟ ತಿಂಗಳಿಗೆ ಒಂದು ಲಕ್ಷ ಇಪ್ಪತ್ತು ಸಾವಿರದ ಆಸುಪಾಸು. ಅದು ನನ್ನ ಕಂಪ್ಯೂಟರಿನಲ್ಲೇ ಇತ್ತು.

"ನನ್ನ ಕೌಂಟರಿಗೂ ಹಿಂಗ ಆಗತೈತೇನವ್ವಾ?" ಎಂದು ಕೇಳಿದರು.

"ಹೌದ್ರಿ ಮಾವಶಿ. ಎಲ್ಲಾರಿಗೂ ಒಂದ ಲೆಕ್ಕಾ," ಎಂದೆ.

ನೀನು ಕಲಿತವಳು, ನೀನು ಹೇಳಿದರಾಯಿತು ಎಂದು ಮಾವಶಿ ಒಪ್ಪಿಗೆಯ ಕಾಗದಕ್ಕೆ ಮರಾಠಿ ಅಕ್ಷರಗಳಲ್ಲಿ ನಿಧಾನವಾಗಿ ಸಹಿ ಹಾಕಿದರು.

ಅದು ಲಗ್ನದ ಸೀಸನ್ನು. ಸೀರೆ ಮಾರುವ ಐವರಿಗೂ ಸಾವಿರದಷ್ಟು ಹೆಚ್ಚು ಬಂತು. ನನಗೆ ಪೇಡೆ ತಂದುಕೊಟ್ಟರು. ಮಾವಶಿಗೆ ಹತ್ತು ಸಾವಿರದ ಇನ್ನೂರು ಬರುವಲ್ಲಿ ಎಂಟು ಸಾವಿರದ ನಾನೂರು ಬಂತು. ಮರುದಿನದಿಂದ ಅವರು ಸ್ಟೂಲಿನ ಮೇಲೆ ಕೂರುವುದನ್ನು ಬಿಟ್ಟರು. ಮೆಟ್ಟಿಲವರೆಗೆ ಹೋಗಿ ಹೆಂಗಸರನ್ನು ಕರೆಯತೊಡಗಿದರು. ಊಟವನ್ನೂ ನಿಂತೇ ಮುಗಿಸುತ್ತಿದ್ದರು. ಎರಡನೆಯ ತಿಂಗಳು ನನ್ನ ಟೇಬಲ್ಲಿನ ಹತ್ತಿರ ಬಂದು, ನಾನು ಎಲ್ಲಿ ತಪ್ಪುತ್ತಿದ್ದೇನೆ ನೋಡಿ ಹೇಳು ಎಂದರು. ಸೀಸನ್ ಇಳಿದಿದೆ, ಆಷಾಢ ಮುಗಿಯಲಿ ಎಂದೆ.

ಶ್ರಾವಣದಲ್ಲಿ ಬಿಲ್ಲು ಏರಿಸುವಾಗ ಒಂದು ವಿಚಿತ್ರ ಕಂಡಿತು. ದಿನಾ ಅಂಗಡಿ ಮುಚ್ಚುವ ಹೊತ್ತಿಗೆ ಮಾವಶಿಯ ಕೌಂಟರಿನಿಂದ ಎರಡು ಮೂರು ಜಂಪರ್ ಪೀಸು, ನಗದು, ಗಿರಾಕಿಯ ಫೋನ್ ನಂಬರಿಲ್ಲ. ಕೌಂಟರಿಗೆ ಹೋಗಿ ಕೇಳಿದೆ. ಅವರು ನಾಚಿಕೊಂಡು, ನಾನೇ ಕೊಳ್ಳುತ್ತಿದ್ದೇನೆ, ಗಲ್ಲಿಯಲ್ಲಿ ಮಾರಿದರಾಯಿತು, ಲೆಕ್ಕದಲ್ಲಿ ಮಾರಾಟ ಏರಿದರೆ ಆ ಕೆಂಪು ಗೆರೆ ನನಗೂ ಹತ್ತುತ್ತದಲ್ಲ ಎಂದರು.

ಮಧ್ಯಾಹ್ನ ಊಟದ ಹೊತ್ತಿಗೆ ಅಂಗಡಿಯ ಹಿಂದಿನ ಮೆಟ್ಟಿಲ ಮೇಲೆ ಕೂತು, ಬಿಲ್ಲಿನ ಬೆನ್ನಿಗೆ ಎರಡೂ ಗೆರೆಗಳನ್ನು ಸೊನ್ನೆಯಿಂದ ಎಳೆದು ತೋರಿಸಿದೆ. ನೀವು ಇಲ್ಲಿದ್ದೀರಿ, ಇಲ್ಲಿ ಹಳೆಯದೇ ಮೇಲಿದೆ, ಎಷ್ಟು ಓಡಾಡಿದರೂ ಈ ಕೌಂಟರು ಆ ಕಡೆ ದಾಟುವುದಿಲ್ಲ ಎಂದೆ.

"ಇದ ನಿಂಗ ಅವತ್ತ ಗೊತ್ತಿತ್ತೇನ?"

"ಗೊತ್ತಿತ್ರಿ."

ಅವರು ಕೈ ತೊಳೆದು ಸೆರಗಿಗೆ ಒರೆಸಿಕೊಂಡರು. "ನಾಕ ತಿಂಗಳ ನಾ ನನ್ನ ಕೈಕಾಲನ್ನ ಬೈಕೊಂಡ್ನಲ್ಲ," ಎಂದರು. ಅಷ್ಟೇ. ಬೈದಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆನೇನೋ.

ಆ ಚೀಟಿ ಹಿಡಿದು ಅವರೇ ಮಾಲೀಕರ ಬಳಿ ನಡೆದರು; ನಾನು ಹಿಂದೆ ನಿಂತೆ. ಮಾಲೀಕರು ಅವರನ್ನು ಬಿಟ್ಟು ನನ್ನನ್ನೇ ನೋಡಿದರು. ಮುಂದಿನ ತಿಂಗಳಿನಿಂದ ಆ ಕೌಂಟರಿಗೆ ಹಳೆಯ ಪಗಾರವೇ ಎಂದರು. ಹೋದದ್ದು ಹೋಯಿತು, ಸಹಿ ಇದೆ. ಉಳಿದವರ ಮುಂದೆ ಈ ಮಾತು ಬೇಡ ಎಂದೂ ಸೇರಿಸಿದರು. ಮಾವಶಿಗೆ ಕೆಲಸ ಬೇಕಿತ್ತು, ಒಪ್ಪಿಕೊಂಡರು. ನಾಲ್ಕು ತಿಂಗಳ ಏಳು ಸಾವಿರ ಚಿಲ್ಲರೆಯನ್ನು ನಾನು ಕೊಡಹೋದೆ. ನಿನ್ನ ಪಗಾರ ನನಗೇಕೆ ಎಂದು ತೆಗೆದುಕೊಳ್ಳಲಿಲ್ಲ. ಆಮೇಲೆ ನನ್ನನ್ನು ಅವ್ವಾ ಎನ್ನಲಿಲ್ಲ, ಮೇಡಂ ಎಂದರು.

ಉಳಿದ ಐವರಿಗೆ ನಾನೂ ಹೇಳಲಿಲ್ಲ. ಲಗ್ನವಿಲ್ಲದ ತಿಂಗಳುಗಳಲ್ಲಿ ಅವರೂ ಆ ಗೆರೆಯ ಎಡಕ್ಕೇ ಇರುತ್ತಿದ್ದರು. ಕಡಿಮೆ ಬಂದರೆ ಸೀಸನ್ ಇಲ್ಲ ಎಂದುಕೊಳ್ಳುತ್ತಿದ್ದರು; ವರ್ಷಪೂರ್ತಿ ಕೂಡಿಸಿದರೆ ಲುಕ್ಸಾನೇ. ನನಗೆ ಬಿ.ಇಡಿ. ಸೀಟು ಸಿಕ್ಕಿತ್ತು. ಕೆಲಸ ಹೋದೀತೆಂಬ ಹೆದರಿಕೆಯೂ ನನಗಿರಲಿಲ್ಲ. ಆದರೂ ಬಾಯಿ ಬಿಡಲಿಲ್ಲ. ಕೆಲಸ ಬಿಡುವ ದಿನ ಆ ಐವರು ಸೇರಿ, ನಿನ್ನಿಂದ ನಮಗೆ ಒಳ್ಳೆಯದಾಯಿತು ಎಂದು ಒಂದು ಇಳಕಲ್ ಸೀರೆ ಕೊಟ್ಟರು. ತೆಗೆದುಕೊಂಡೆ. ತಂಗಿಯ ಮದುವೆಯಲ್ಲಿ ಉಟ್ಟೂ ಇದ್ದೇನೆ.